ಬೆಟ್ಟಕ್ಕೂ ಪೇಟೆಗೂ ಒಂದೇ ಗಾಡಿ

ನಾನು ಜೀಪು. ಹುಟ್ಟಿದ್ದು ನಾಸಿಕದ ಕಡೆ, ಒಂದು ದೊಡ್ಡ ಕಾರ್ಖಾನೆಯಲ್ಲಿ. ಹುಟ್ಟು ಅಂದರೆ ಅಂಥ ಸಂಭ್ರಮವೇನೂ ಇರಲಿಲ್ಲ. ಸಾಲಾಗಿ ನಿಂತ ಗಂಡಸರು ಒಬ್ಬೊಬ್ಬರು ಒಂದೊಂದು ಭಾಗ ತಂದು ಬಿಗಿದರು. ಒಬ್ಬ ಚಕ್ರ ಕೊಟ್ಟ, ಒಬ್ಬ ಕಣ್ಣು ಕೊಟ್ಟ, ಕೊನೆಯವನು ಬಾಗಿಲನ್ನು ದಬ್ಬೆಂದು ಬಡಿದು ನೋಡಿ ಮುಂದಿನ ಗಾಡಿಗೆ ಹೋದ. ಯಾರೂ ಮೈ ಸವರಲಿಲ್ಲ. ಅದರ ಬಗ್ಗೆ ನನಗೆ ದೂರಿಲ್ಲ. ಮೈ ಸವರುವ ಕೈಗಳು ಏನೇನು ಮಾಡುತ್ತವೆ ಎಂದು ಆಮೇಲೆ ನೋಡಿದ್ದೇನೆ.

ಮೊದಲು ನಾನು ಸರ್ಕಾರಿ ಗಾಡಿ. ದನದ ಡಾಕ್ಟರನ್ನು ಹೊತ್ತು ಹಳ್ಳಿ ಹಳ್ಳಿ ಸುತ್ತುತ್ತಿದ್ದೆ. ಅಲ್ಲಿ ನನ್ನನ್ನು ಯಾರೂ ತೊಳೆಯುತ್ತಿರಲಿಲ್ಲ, ಕೆಡಿಸುತ್ತಲೂ ಇರಲಿಲ್ಲ. ಹಳೆಯದಾಯಿತೆಂದು ಹರಾಜಿಗೆ ನಿಲ್ಲಿಸಿದಾಗ ಕನಕಪುರದ ಕಡೆಯ ಕಲ್ಲು ಕ್ವಾರಿಯ ಮೇಸ್ತ್ರಿ ಮರೀಗೌಡ ನನ್ನ ಬಾನೆಟ್ ಎತ್ತಿ ನೋಡಿ, ಕಿವಿ ಕೊಟ್ಟು ಎಂಜಿನ್ನಿನ ಸದ್ದು ಕೇಳಿ, "ಜೀವ ಗಟ್ಟಿ ಐತೆ" ಅಂದ. ಹಾಗೆ ನಾನು ಅವನವನಾದೆ.

ಮರೀಗೌಡನಿಗೆ ಒಬ್ಬಳೇ ಮಗಳು, ವನಜಾಕ್ಷಿ. ಮೋಟು ಹುಡುಗಿ. ಸೀಟಿನ ಮೇಲೆ ಗೋಣಿಚೀಲ ಮಡಿಸಿ ಹಾಕಿದರೆ ಮಾತ್ರ ಗಾಜಿನಾಚೆ ರಸ್ತೆ ಕಾಣುತ್ತಿತ್ತು. ಕ್ವಾರಿಯಲ್ಲಿ ಕೆಲಸವಿಲ್ಲದ ದಿನ ಅವನು ಅವಳನ್ನು ನನ್ನ ಮೇಲೆ ಕೂರಿಸಿ ಬಂಡೆ ಹತ್ತಿಸುತ್ತಿದ್ದ. "ಜೋರು ಮಾಡ್ಬ್ಯಾಡ ಮಗಾ. ಗಾಡಿ ಏನೋ ಹೇಳ್ತದೆ, ಅದ್ನ ಕೇಳು. ಅದು ಬ್ಯಾಡ ಅಂದ್ರೆ ಹಿಂದಕ್ಕೆ ಬಾ" ಅನ್ನುತ್ತಿದ್ದ. ಅವಳು ಕೇಳುತ್ತಿದ್ದಳು. ನನ್ನನ್ನು ಓಡಿಸಿದವರು ಬಹಳ ಮಂದಿ, ಕೇಳಿದವಳು ಅವಳೊಬ್ಬಳೇ.

ವನಜಾಕ್ಷಿಯ ಮದುವೆ ನೇರಳೆದೊಡ್ಡಿಯ ತಿಮ್ಮರಾಜನ ಜೊತೆ ಆಯಿತು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಒಬ್ಬಳು ತಾಯಿ, ಇಷ್ಟು ಅವನ ಸಂಸಾರ. ಮರೀಗೌಡ ಮಗಳ ಜೊತೆ ನನ್ನನ್ನೂ ಕಳಿಸಿಕೊಟ್ಟ. ಗೂಡು ಬಿಡಿಸಿದ ದಿನ ರಾಮನಗರದ ಮಾರುಕಟ್ಟೆಗೆ ಚೀಲ ಹೊತ್ತು ಹೋಗುವುದು ನನ್ನ ಕೆಲಸ. ಮೊದಮೊದಲು ತಿಮ್ಮರಾಜನೇ ಓಡಿಸಿದ. ಅವನು ಗೇರು ಹಾಕಿದರೆ ನನ್ನ ಹಲ್ಲುಗಳೆಲ್ಲ ಕಟಕಟ ಅನ್ನುತ್ತಿದ್ದವು. ದಿಬ್ಬ ಬಂದರೆ ಕ್ಲಚ್ ಸುಟ್ಟ ವಾಸನೆ. ಒಂದು ದಿನ ಅವನ ತಾಯಿ ಹೊಂಬಾಳಮ್ಮ ಎದೆ ಹಿಡಿದುಕೊಂಡು ಇಳಿದು, "ಲೋ ತಿಮ್ಮ, ನಿನ್ ಪಕ್ಕ ಕೂತ್ರೆ ನಂಗೆ ಹೆರಿಗೆ ನೋವು ಬಂದಂಗಾಯ್ತದೆ. ಇನ್ ಮೇಲೆ ಸೊಸೇನೇ ಓಡಿಸ್ಲಿ" ಅಂದಳು. ಅಂಗಳದಲ್ಲಿದ್ದವರೆಲ್ಲ ನಕ್ಕರು. ತಿಮ್ಮರಾಜನೂ ನಕ್ಕು ಬೀಗದ ಕೈ ಕೊಟ್ಟ.

ಅಲ್ಲಿಂದ ನಾನು ಊರಿನ ಬಾಯಲ್ಲಿ ವನಜನ ಜೀಪಾದೆ. ಅತ್ತೆ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಎಲೆಅಡಿಕೆ ಚೀಲ. ಸೊಸೆ ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಸ್ಟೀರಿಂಗ್ ಹಿಡಿದರೆ, ಇಬ್ಬರೂ ರಾಮನಗರ ಮುಟ್ಟುವವರೆಗೆ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಯಾರ ಮನೆ ಹುಳಕ್ಕೆ ರೋಗ ಬಂತು, ಯಾರ ಸೊಸೆ ತವರಿಗೆ ಹೋದವಳು ಬರಲಿಲ್ಲ, ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಗೂಡು ಮಾರಿ ಬರುವಾಗ ಬಿಸಿ ಇಡ್ಲಿ ತಿನ್ನುವುದು ಅವರ ಕಳ್ಳ ಸುಖ. "ತಿಮ್ಮನಿಗೆ ಹೇಳ್ಬ್ಯಾಡ" ಅನ್ನುತ್ತಿದ್ದಳು ಮುದುಕಿ. ಬಸುರಿಯರು, ಕಾಲು ಮುರಿದವರು, ಪರೀಕ್ಷೆಗೆ ಹೊತ್ತಾದ ಹುಡುಗಿಯರು, ಯಾರು ಬಂದು ಕರೆದರೂ ವನಜಾಕ್ಷಿ ಸೆರಗು ಬಿಗಿದು ಹೊರಡುತ್ತಿದ್ದಳು. ಆ ವರ್ಷಗಳನ್ನು ನೆನೆದರೆ ನನ್ನ ತುಕ್ಕು ಹಿಡಿದ ಎದೆಗೂ ಸಂತೋಷವಾಗುತ್ತದೆ.

ಕೆಟ್ಟದ್ದು ಒಂದು ಭಾನುವಾರ ಬಂತು. ಬೆಂಗಳೂರಿನ ಒಂದು ಕ್ಲಬ್ಬಿನವರು ಬಣ್ಣ ಬಣ್ಣದ ಜೀಪುಗಳನ್ನು ತಂದು ಊರಾಚೆಯ ಆನೆಬಂಡೆ ಹತ್ತಿಸುತ್ತಿದ್ದರು. ಅದನ್ನೇ ಆಟ ಅನ್ನುತ್ತಾರೆ. ರಸ್ತೆ ಇರುವ ಕಡೆ ಬಿಟ್ಟು ಇಲ್ಲದ ಕಡೆ ಗಾಡಿ ನುಗ್ಗಿಸಿ, ಸಿಕ್ಕಿಕೊಂಡು, ಕೇಕೆ ಹಾಕುವುದು. ಊರಿನ ಗಂಡಸರೆಲ್ಲ ನೋಡಲು ನಿಂತಿದ್ದರು, ತಿಮ್ಮರಾಜನೂ ಇದ್ದ. ಒಂದು ಕೆಂಪು ಜೀಪು ಕೊರಕಲಿಗೆ ಇಳಿದು, ಒಂದು ಚಕ್ರ ಗಾಳಿಯಲ್ಲಿ ತಿರುಗಿಸುತ್ತ ಬಿದ್ದಿತ್ತು. ಅದೇ ಹೊತ್ತಿಗೆ ಅತ್ತೆ ಸೊಸೆ ಮಾರುಕಟ್ಟೆಯಿಂದ ಬಂದರು. ವನಜಾಕ್ಷಿ ನನ್ನನ್ನು ನಿಲ್ಲಿಸಿ, "ಹಗ್ಗ ಐತಾ ಅಣ್ಣ?" ಅಂತ ಕೇಳಿದಳು. ಹಗ್ಗ ಕಟ್ಟಿದರು. ಅವಳು ನನ್ನನ್ನು ಹಿಂದಕ್ಕೆ ಹಿಂದಕ್ಕೆ ತಂದು, ಒಂದು ಕಲ್ಲಿಗೆ ಚಕ್ರ ಆನಿಸಿ, ಸದ್ದಿಲ್ಲದೆ ಎಳೆದಳು. ಕೆಂಪು ಜೀಪು ಮೇಲೆ ಬಂತು.

ಚಪ್ಪಾಳೆಯೋ ಚಪ್ಪಾಳೆ. ಫೋನು ಹಿಡಿದು ವೀಡಿಯೊ ಮಾಡಿಕೊಂಡರು. "ಮೇಡಂ ಸೂಪರ್" ಅಂದರು. ಹೊಂಬಾಳಮ್ಮ ನನ್ನೊಳಗೇ ಕೂತು, "ನನ್ ಸೊಸೆ ಕಣ್ರಪ್ಪ" ಎಂದು ಎಲ್ಲರಿಗೂ ಹೇಳಿದಳು. ಆಗ ಕೆಂಪು ಜೀಪಿನ ಹುಡುಗ ತಿಮ್ಮರಾಜನ ಕಡೆ ತಿರುಗಿ ಕೇಳಿದ, "ಬ್ರೋ, ಇವ್ರು ನಿಮ್ಮ ಮಿಸೆಸ್ಸಾ? ಮತ್ತೆ ಅರ್ಧ ಗಂಟೆಯಿಂದ ನೀವ್ಯಾಕೆ ಸುಮ್ನೆ ನಿಂತಿದ್ರಿ?"

ಎಲ್ಲರೂ ಹೋ ಎಂದು ನಕ್ಕರು. ತಿಮ್ಮರಾಜನೂ ನಕ್ಕ. ಆ ನಗು ಮನೆ ಮುಟ್ಟುವವರೆಗೂ ಅವನ ಮುಖದ ಮೇಲೆ ಹಾಗೇ ಒಣಗಿಕೊಂಡಿತ್ತು.

ಮುಂದಿನ ತಿಂಗಳು ಅವನು ಕ್ಲಬ್ಬಿಗೆ ಸೇರಿದ. ನನ್ನನ್ನು ಹೆದ್ದಾರಿ ಪಕ್ಕದ ಅಂತೋಣಿಯ ಗ್ಯಾರೇಜಿಗೆ ಒಯ್ದು ನಿಲ್ಲಿಸಿದ. "ಬೆಟ್ಟಕ್ಕೂ ಆಗ್ಬೇಕು, ಪೇಟೆಗೂ ಆಗ್ಬೇಕು. ಎರಡಕ್ಕೂ ಒಂದೇ ಗಾಡಿ. ಹಂಗೆ ಮಾಡ್ಕೊಡಿ" ಅಂದ. ಅಂತೋಣಿ ಖುಷಿಯ ಮನುಷ್ಯ, ಯಾರೇ ಏನೇ ಕೇಳಲಿ, ಇಲ್ಲ ಅನ್ನುತ್ತಿರಲಿಲ್ಲ. ನನ್ನ ಹಳೆಯ ಟೈರು ಕಳಚಿ ದೊಡ್ಡ ದೊಡ್ಡ ಹಲ್ಲಿನ ಟೈರು ಹಾಕಿದರು. ಕೆಸರಿಗೆ ಅದು ಒಳ್ಳೆಯದಂತೆ. ಟಾರು ರಸ್ತೆಯ ಮೇಲೆ ನಾನು ಹುಚ್ಚು ಗಿರಣಿಯ ಹಾಗೆ ಗುಂಯ್ಗುಟ್ಟತೊಡಗಿದೆ. ಸ್ಟೀರಿಂಗ್ ಕಲ್ಲಿನಷ್ಟು ಭಾರವಾಯಿತು. ವನಜಾಕ್ಷಿ ಮಾರುಕಟ್ಟೆಗೆ ಹೋಗಿ ಬಂದ ದಿನ ಅಂಗಳದಲ್ಲಿ ಕೂತು ತೋಳಿಗೆ ಎಣ್ಣೆ ತಿಕ್ಕಿಕೊಂಡಳು. "ಅಭ್ಯಾಸ ಆಯ್ತದೆ ಬಿಡಿ" ಅಂದಳು.

ಆಮೇಲೆ ನನ್ನನ್ನು ಎತ್ತರಿಸಿದರು. ಕೆಳಗೆ ಉದ್ದನೆಯ ಸ್ಪ್ರಿಂಗು ಬಂದವು. ಹತ್ತಲು ಇದ್ದ ಮೆಟ್ಟಿಲ ಪಟ್ಟಿ ಬಂಡೆಗೆ ತಾಗುತ್ತದೆ ಎಂದು ಕೊಯ್ದು ಬಿಸಾಕಿದರು. ಈಗ ಹೊಂಬಾಳಮ್ಮನಿಗೆ ನನ್ನೊಳಗೆ ಬರುವುದು ಗೋಡೆ ಹತ್ತಿದ ಹಾಗೆ. ಸೊಸೆ ಹಾಲಿನ ಕ್ರೇಟು ಮಗುಚಿ ಹಾಕಿ, ಹಿಂದಿನಿಂದ ಎರಡು ಕೈಯಲ್ಲಿ ದೂಡುತ್ತಿದ್ದಳು. ಮುದುಕಿ ಬೈದುಕೊಂಡೇ ಹತ್ತುತ್ತಿದ್ದಳು. "ಇದೇನ್ ಗಾಡಿಯೋ ಅಟ್ಟವೋ! ನಿನ್ ಗಂಡನ್ನ ಕೇಳು, ಏಣೀನೂ ಕೊಟ್ಟವ್ನಾ ಅಂತ."

ಅದಾದ ಮೇಲೆ ಮೇಲಿನ ಚಾವಣಿ ಹೋಯಿತು, ಬಾಗಿಲುಗಳು ಹೋದವು. ಉರುಳಿದರೆ ತಲೆ ಉಳಿಯಲಿ ಎಂದು ನನ್ನ ಮೇಲೆ ದಪ್ಪ ಕಬ್ಬಿಣದ ಕೊಳವೆಗಳ ಪಂಜರ ಎದ್ದಿತು. ನೋಡುವವರಿಗೆ ನಾನು ಭಯಂಕರವಾಗಿ ಕಂಡೆ. ತಿಮ್ಮರಾಜ ನನ್ನ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ಬಾನೆಟ್ ಸವರಿದ. ನನಗೇನೂ ಹಿತವಾಗಲಿಲ್ಲ.

ಸೀಟು ಬದಲಿಸಿದ ದಿನ ಮಾತ್ರ ಅವನ ಉದ್ದೇಶ ನನಗೆ ಸ್ಪಷ್ಟವಾಯಿತು. ಹೊಸ ಸೀಟು ತೊಟ್ಟಿಯಂಥದು, ಅದನ್ನು ಅವನ ಕಾಲಿನ ಉದ್ದಕ್ಕೆ ನೆಲಕ್ಕೇ ಬಿಗಿದರು. ಹಿಂದೆ ಮುಂದೆ ಸರಿಯುವುದಿಲ್ಲ. ಅಂತೋಣಿಯೇ ಕೇಳಿದ, "ಅಣ್ಣಾ, ಮನೇಲಿ ಅಕ್ಕನೂ ಓಡಿಸ್ತಾರಲ್ಲ, ಸರಿಸೋ ಥರ ಹಾಕ್ಲಾ?" ತಿಮ್ಮರಾಜ ಗಾಜಿನಲ್ಲಿ ಮೀಸೆ ನೋಡಿಕೊಳ್ಳುತ್ತ, "ಬೇಡ. ಗಟ್ಟಿಯಾಗಿ ಬಿಗಿ" ಅಂದ.

ವನಜಾಕ್ಷಿಯ ಪಾದ ಕ್ಲಚ್ಚಿಗೆ ಎಟುಕಲಿಲ್ಲ. ಅವಳೇನೂ ಅಳಲಿಲ್ಲ. ಎರಡು ಮರದ ತುಂಡು ಕೊಯ್ದು, ಹಳೆಯ ಸೈಕಲ್ ಟ್ಯೂಬಿನಿಂದ ನನ್ನ ಪೆಡಲುಗಳಿಗೆ ಬಿಗಿದು ಕಟ್ಟಿದಳು. ತಿಮ್ಮರಾಜ ಬೆಟ್ಟಕ್ಕೆ ಹೊರಟಾಗ ಅವನ್ನು ಕಿತ್ತು ಚರಂಡಿಗೆ ಎಸೆದ. ಅವಳು ಹೆಕ್ಕಿ ತೊಳೆದು ಮತ್ತೆ ಕಟ್ಟಿದಳು. ಹೀಗೆ ಎಷ್ಟು ಸಲವೋ. ಗಂಡ ಹೆಂಡಿರು ಒಂದು ಮಾತೂ ಎತ್ತರಿಸದೆ ನನ್ನ ಪಾದದ ಬಳಿ ಆ ಜಗಳ ಆಡಿದರು.

ಅವಳಿಗೆ ಬೇಕಾಗಿದ್ದುದು ಇಷ್ಟೇ, ಮಾರುಕಟ್ಟೆಗೆ ನನ್ನನ್ನು ಓಡಿಸಿಕೊಂಡು ಹೋಗುವುದು. ಅವನಿಗೆ ಬೇಕಾಗಿದ್ದುದೂ ಇಷ್ಟೇ, ಅವಳು ತಾನಾಗಿ ಕೈ ಚೆಲ್ಲಿ, "ನನ್ನಿಂದ ಆಗಾಕಿಲ್ಲ, ನೀವೇ ಓಡ್ಸಿ" ಅನ್ನಬೇಕು. ಓಡಿಸಬೇಡ ಎಂದು ಬಾಯಿಬಿಟ್ಟು ಹೇಳಿದರೆ ತಾಯಿ ಬಿಡುತ್ತಿರಲಿಲ್ಲ. ಅದಕ್ಕೆ ನನ್ನನ್ನು ಮುಂದೆ ಬಿಟ್ಟ.

ಇಷ್ಟೆಲ್ಲ ಆದರೂ ಬೆಟ್ಟದಲ್ಲಿ ತಿಮ್ಮರಾಜ ಹಿಂದೆಯೇ. ಗಾಡಿ ಬದಲಾದ ಮಾತ್ರಕ್ಕೆ ಕೈ ಬದಲಾಗುತ್ತದೆಯೇ? ಪ್ರತಿ ಸಲ ಎಲ್ಲೋ ಒಂದು ಚಕ್ರ ಎತ್ತಿಕೊಂಡು ಸಿಕ್ಕಿಬೀಳುತ್ತಿದ್ದೆ. ಕ್ಲಬ್ಬಿನವರು ಹಗ್ಗ ಹಿಡಿದು ಬರುವಾಗ ಯಾರಾದರೊಬ್ಬ, "ಮೇಡಂ ಕರೆಸೋಣ್ವಾ ಬ್ರೋ?" ಎಂದು ಕಿಚಾಯಿಸುತ್ತಿದ್ದ. ಕೊನೆಗೆ ಒಂದು ಸ್ಪರ್ಧೆ ಗೊತ್ತಾಯಿತು. ತಿಮ್ಮರಾಜ ಮತ್ತೆ ಅಂತೋಣಿಯ ಹತ್ತಿರ ಬಂದ.

ಇಲ್ಲಿ ನನ್ನ ಮೈಯ ಒಂದು ಗುಟ್ಟು ಹೇಳಬೇಕು. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಡೆಯ ಚಕ್ರ ಹೆಚ್ಚು ದೂರ ಓಡಬೇಕು, ಒಳಗಡೆಯದು ಕಡಿಮೆ. ಎರಡೂ ಬೇರೆ ಬೇರೆ ಉರುಳಲಿ ಎಂದೇ ಹಿಂದಿನ ಚಕ್ರಗಳ ನಡುವೆ ಒಂದು ಗುಂಡನೆಯ ಡಬ್ಬಿ ಇದೆ, ಅದರೊಳಗೆ ಪುಟ್ಟ ಗೇರುಗಳಿವೆ. ಆದರೆ ಬಂಡೆಯ ಮೇಲೆ ಒಂದು ಚಕ್ರ ಎದ್ದುಬಿಟ್ಟರೆ ಈ ಗೇರುಗಳು ಎಂಜಿನ್ನಿನ ಶಕ್ತಿಯನ್ನೆಲ್ಲ ಆ ಗಾಳಿಯಲ್ಲಿರುವ ಚಕ್ರಕ್ಕೇ ಸುರಿಯುತ್ತವೆ. ಗಾಡಿ ಕದಲುವುದಿಲ್ಲ. ಶ್ರೀಮಂತರು ಬೇಕಾದಾಗ ಹಾಕಿ ಬೇಡವಾದಾಗ ಬಿಡಿಸುವ ಲಾಕು ತರಿಸಿ ಕೂರಿಸುತ್ತಾರೆ. ಅಷ್ಟು ಆಗದವರು ಆ ಪುಟ್ಟ ಗೇರುಗಳನ್ನು ಒಂದಕ್ಕೊಂದು ಬೆಸುಗೆ ಹಾಕಿಸಿಬಿಡುತ್ತಾರೆ. ಆಮೇಲೆ ಎರಡು ಚಕ್ರವೂ ಯಾವಾಗಲೂ ಒಟ್ಟಿಗೇ ಉರುಳುತ್ತವೆ. ಬಂಡೆಯ ಮೇಲೆ ಅಂಥ ಗಾಡಿ ಹುಲಿ. ಟಾರು ರಸ್ತೆಯ ತಿರುವಿನಲ್ಲಿ ಮಾತ್ರ ಅದು ಹೊರಳಲು ಒಪ್ಪುವುದಿಲ್ಲ, ನೇರಕ್ಕೇ ನೂಕುತ್ತದೆ.

ನನ್ನ ಡಬ್ಬಿ ಬಿಚ್ಚಿ, ಎಣ್ಣೆ ಒರೆಸಿ, ಬೆಸುಗೆ ಹಾಕಿದರು. ಕಿಡಿ ಹಾರಿತು. ಉರಿ ಬೆನ್ನ ತುಂಬ ಹರಡಿತು. ಮುಗಿದ ಮೇಲೆ ಅಂತೋಣಿ ಕೈ ಒರೆಸಿಕೊಳ್ಳುತ್ತ, "ಅಣ್ಣಾ, ಟಾರು ರಸ್ತೇಲಿ ಜೋಪಾನ. ಮಳೆ ಬಿದ್ದಾಗಂತೂ ತೆಗೀಲೇಬೇಡಿ. ಅಕ್ಕಂಗೂ ಒಂದು ಮಾತು ಹೇಳ್ಬಿಡಿ" ಅಂದ.

"ಹೇಳ್ತೀನಿ ಬಿಡು" ಅಂದ ತಿಮ್ಮರಾಜ.

ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಬಂತು. ಕಪ್ಪನ್ನು ನನ್ನ ಬಾನೆಟ್ಟಿನ ಮೇಲೆ ಇಟ್ಟುಕೊಂಡೇ ಊರೊಳಗೆ ಒಂದು ಸುತ್ತು ಬಂದ. ವನಜಾಕ್ಷಿ ಆರತಿ ತಟ್ಟೆ ತಂದು ನನಗೂ ಅವನಿಗೂ ಕುಂಕುಮ ಇಟ್ಟಳು. ನಿಜವಾಗಿ ಸಂತೋಷಪಟ್ಟಳು. ಈಗಲಾದರೂ ಗಂಡನ ಮನಸ್ಸು ತಣ್ಣಗಾಗಬಹುದು ಅಂದುಕೊಂಡಿರಬೇಕು.

ಅವನು ಅವಳಿಗೆ ಹೇಳಲಿಲ್ಲ. ಮರೆತ ಅಂತ ನೀವು ಅಂದುಕೊಳ್ಳಬಹುದು. ಮರೆತಿರಲಿಲ್ಲ. ಮಾರನೆಯ ವಾರ ಅವಳು ಮಾರುಕಟ್ಟೆಯಿಂದ ಬಂದು ಇಳಿದವಳೇ ಅವನನ್ನು ಕರೆದಳು. "ಏನ್ರೀ, ಗಾಡಿ ಯಾಕೋ ತಿರುಗಾಕೇ ಒಲ್ಲದು. ತಿರುವಲ್ಲಿ ಹಿಂದ್ಗಡೆ ಕಿರ್‍ರೋ ಅಂತದೆ. ಏನೋ ಹೇಳ್ತಾ ಐತೆ ಅದು. ಒಂದ್ಸಲ ಬಿಚ್ಚಿ ನೋಡ್ಸಿ."

ನಾನು ಹೇಳುತ್ತಲೇ ಇದ್ದೆ. ಪ್ರತಿ ತಿರುವಿನಲ್ಲೂ ಟೈರು ಸವೆಸಿಕೊಂಡು ಕಿರುಚುತ್ತಿದ್ದೆ. ಅವಳಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಅರ್ಥ ಗೊತ್ತಿದ್ದವನು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

"ಟೈರು ದೊಡ್ಡದಲ್ವಾ, ಹಂಗೇ ಇರ್ತದೆ. ನಾನು ಓಡಿಸ್ತಿಲ್ವಾ? ನಿನ್ ಕೈಲಿ ಆಗಾಕಿಲ್ಲ ಅಂದ್ರೆ ಬಿಟ್ಬಿಡು" ಅಂದ.

ಆ ಕೊನೆಯ ಮಾತು ಹೇಳದಿದ್ದರೆ ಅವಳು ನಿಲ್ಲಿಸುತ್ತಿದ್ದಳೇನೋ. ಗಾಡಿ ಬೇಡ ಅಂದರೆ ಹಿಂದಕ್ಕೆ ಬರಲು ಕಲಿತವಳು ಅವಳು. ಆದರೆ ಇಷ್ಟು ದಿನ ಟೈರು, ಎತ್ತರ, ಸೀಟು ಎಲ್ಲವನ್ನೂ ಗೆದ್ದು ಬಂದವಳು, ಆ ಮಾತಿನ ಮುಂದೆ ಸೋಲಲು ಮನಸ್ಸು ಮಾಡಲಿಲ್ಲ. "ಆಗಾಕಿಲ್ಲ ಅಂತ ಯಾರಂದ್ರು?" ಅಂತ ಅಂದು ಒಳಗೆ ಹೋದಳು. ಹೊಂಬಾಳಮ್ಮ ಮಗನನ್ನು ದಿಟ್ಟಿಸಿ ನೋಡಿ, "ಲೋ, ಅವ್ಳು ಸುಮ್ ಸುಮ್ನೆ ಹೇಳೋಳಲ್ಲ ಕಣೋ. ನೋಡ್ಸೋ" ಅಂದಳು. ಅವನು, "ಆಯ್ತವ್ವ, ನೋಡ್ಸಾನ" ಅಂದ.

ವರ್ಷದ ಮೊದಲ ಮಳೆ ಬಿದ್ದ ಬೆಳಿಗ್ಗೆ ಗೂಡು ಮಾರಲು ಹೊರಟೆವು. ಗೂಡು ಬಿಡಿಸಿ ಇಟ್ಟರೆ ಕಾಯುವುದಿಲ್ಲ, ಒಳಗಿನ ಹುಳ ಚಿಟ್ಟೆಯಾಗಿ ಕೊರೆದು ಬಂದರೆ ತಿಂಗಳ ದುಡಿಮೆ ನೀರುಪಾಲು. ಆದ್ದರಿಂದ ಮಳೆ ಎಂದು ನಿಲ್ಲುವ ಹಾಗಿರಲಿಲ್ಲ. ಚಾವಣಿ ಇಲ್ಲದ ನನ್ನ ಬೆನ್ನಿಗೆ ಚೀಲ ಹೇರಿ, ಟಾರ್ಪಾಲು ಹೊದಿಸಿ ಕಟ್ಟಿದರು. ಹಗ್ಗ ಬಿಗಿದುಕೊಟ್ಟವನು ತಿಮ್ಮರಾಜನೇ. ಹೊರಡುವ ಮುಂಚೆ ಅವನು ಆಕಾಶ ನೋಡಿದ, ನನ್ನ ಹಿಂದಿನ ಚಕ್ರ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಹೊಂಬಾಳಮ್ಮ ಕ್ರೇಟಿನ ಮೇಲೆ ನಿಂತು, "ಹಿಡ್ಕೊಳೋ ನನ್ನ, ಹೆಂಡ್ತಿ ಕೈಲೇ ಎಲ್ಲಾ ಮಾಡಿಸ್ತೀಯಾ" ಎಂದು ಬೈದಳು. ಅವನು ತಾಯಿಯನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ. ತೆರೆದ ಬಾಯಿ ಮುಚ್ಚಿಕೊಂಡ. ಹೊಸ ಸೀಟಿನ ಬೆಲ್ಟಿಗೆ ನಾಲ್ಕು ಬಾಲ, ಮುದುಕಿಗೆ ಅದನ್ನು ಹಾಕಿಕೊಳ್ಳಲು ಬರುತ್ತಿರಲಿಲ್ಲ. ಯಾರೂ ಹಾಕಿಕೊಡಲಿಲ್ಲ.

ಊರಾಚೆಗೆ ಕೆರೆ ಏರಿ. ಏರಿ ಮುಗಿಯುವಲ್ಲಿ ರಸ್ತೆ ಬಲಕ್ಕೆ ತಿರುಗುತ್ತದೆ. ವನಜಾಕ್ಷಿ ವೇಗವಾಗಿ ಬರಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನಿಧಾನವಾಗಿಯೇ ಬಂದಳು. ನಿಧಾನವಾಗಿಯೇ ಸ್ಟೀರಿಂಗ್ ಬಲಕ್ಕೆ ಎಳೆದಳು. ನನ್ನ ಮುಂದಿನ ಚಕ್ರಗಳು ಬಲಕ್ಕೆ ಹೊರಳಿದವು. ಹಿಂದಿನ ಎರಡು ಒಟ್ಟಿಗೇ ಉರುಳಿ ನೇರಕ್ಕೆ ನೂಕಿದವು. ಧೂಳಿನ ಮೇಲೆ ಹೊಸ ಮಳೆ ಬಿದ್ದ ಟಾರು ಜಾರುತ್ತಿತ್ತು. ಅವಳು ಇನ್ನೂ ಎಳೆದಳು, ಸ್ಟೀರಿಂಗ್ ಇನ್ನು ತಿರುಗದು ಎನ್ನುವವರೆಗೂ ಎಳೆದಳು.

"ತಿರುಗ್ಸೇ ವನಜಾ, ತಿರುಗ್ಸೇ!" ಎಂದು ಹೊಂಬಾಳಮ್ಮ ಕೂಗಿದಳು.

ಅವಳು ತಿರುಗಿಸಿದ್ದಳು. ನಾನು ತಿರುಗಲಿಲ್ಲ.

ಏರಿಯಿಂದ ಕೆಳಕ್ಕೆ ಉರುಳಿದೆ. ಬಾಗಿಲಿಲ್ಲದ ಕಡೆಯಿಂದ ಮುದುಕಿ ಹೊರಗೆ ಬಿದ್ದಳು. ಒಳಗಿದ್ದವರ ತಲೆ ಉಳಿಸಲು ಹಾಕಿದ್ದ ಕಬ್ಬಿಣದ ಪಂಜರ ಅವಳ ಎದೆಯ ಮೇಲೆ ಬಿತ್ತು. ಎಲೆಅಡಿಕೆ ಚೀಲ ಅವಳ ಕೈಯಲ್ಲೇ ಇತ್ತು. ಬಿಳಿಯ ಗೂಡುಗಳು ಕೆರೆಯಂಗಳದ ತುಂಬ ಚೆಲ್ಲಿದವು. ವನಜಾಕ್ಷಿ ಭುಜದ ಎಲುಬು ಮುರಿದುಕೊಂಡು, ಒಂದೇ ಕೈಯಲ್ಲಿ ನನ್ನನ್ನು ಎತ್ತಲು ಹೆಣಗುತ್ತಿದ್ದಳು.

ತಿಮ್ಮರಾಜ ಓಡಿಬಂದ. ತಾಯಿಯ ಮುಖ ನೋಡಿ ಎದೆ ಬಡಿದುಕೊಂಡು ಅತ್ತ. ಅದು ಸುಳ್ಳು ಅಳುವಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ನನ್ನ ಸುತ್ತ ಒಂದು ಸುತ್ತು ಬಂದ, ಹಿಂದಿನ ಡಬ್ಬಿಯ ಹತ್ತಿರ ಸ್ವಲ್ಪ ಹೊತ್ತು ನಿಂತ. ಊರಿನವರು ಸೇರಿದ್ದರು. ಅವನು ಅವರ ಕಡೆ ತಿರುಗಿ, "ಎಷ್ಟು ಬಡ್ಕೊಂಡೆ, ಈ ಗಾಡಿ ನಿನ್ ಕೈಗೆ ಬಗ್ಗಾಕಿಲ್ಲ ಅಂತ" ಅಂದ. ಜನ ನಿಟ್ಟುಸಿರು ಬಿಟ್ಟರು. ಕತೆ ಅಲ್ಲಿಗೆ ತೀರ್ಮಾನವಾಯಿತು.

ನೋಡಲು ಬಂದ ಅಧಿಕಾರಿಗಳು ಬ್ರೇಕು ನೋಡಿದರು, ಸರಿಯಿತ್ತು. ಸ್ಟೀರಿಂಗ್ ನೋಡಿದರು, ಸರಿಯಿತ್ತು. ಪೆಡಲಿಗೆ ಕಟ್ಟಿದ್ದ ಮರದ ತುಂಡು ನೋಡಿ ಮುಖ ಮುಖ ನೋಡಿಕೊಂಡರು. ಹಿಂದಿನ ಡಬ್ಬಿ ಬಿಚ್ಚಲು ಯಾರಿಗೂ ಹೊಳೆಯಲಿಲ್ಲ. ಅಂತೋಣಿಗೆ ಹೊಳೆದಿತ್ತು. ಅವನು ಮಣ್ಣಿಗೆ ಬಂದವನು ತಿಮ್ಮರಾಜನನ್ನು, ಅಂಗಳಕ್ಕೆ ಎಳೆದು ತಂದಿದ್ದ ನನ್ನ ಮರೆಗೆ ಕರೆದು, "ಅಕ್ಕಂಗೆ ಹೇಳಿದ್ರಾ ಅಣ್ಣಾ?" ಅಂತ ಕೇಳಿದ. "ಹೇಳಿದ್ದೆ. ಕೇಳ್ಬೇಕಲ್ಲ" ಅಂದ ತಿಮ್ಮರಾಜ. ಅಂತೋಣಿಗೆ ಭಾರ ಇಳಿದ ಹಾಗಾಯಿತು. ನಂಬಿಕೊಂಡು ಹೋದ. ನಂಬುವುದೇ ಅವನಿಗೂ ಅನುಕೂಲವಾಗಿತ್ತು.

ನನ್ನನ್ನು ಹುಳದ ಮನೆಯ ಹಿಂದೆ ತಳ್ಳಿದರು. ಕೋಳಿಗಳು ನನ್ನ ಸೀಟಿನಲ್ಲಿ ಮೊಟ್ಟೆ ಇಟ್ಟವು. ಭುಜಕ್ಕೆ ಪಟ್ಟಿ ಕಟ್ಟಿಕೊಂಡ ವನಜಾಕ್ಷಿ ಯಾರೂ ಇಲ್ಲದ ಹೊತ್ತಿನಲ್ಲಿ ಬಂದು ಸ್ಟೀರಿಂಗ್ ಹಿಡಿದು ಬಲಕ್ಕೆ ತಿರುಗಿಸಿ ನೋಡುತ್ತಿದ್ದಳು. ಒಂದು ದಿನ ಹಾಗೆ ನೋಡುತ್ತಿದ್ದಾಗ ಗಂಡ ಬಂದ. ಅವಳು ಅಂದಳು, "ನಾನು ತಿರುಗ್ಸಿದ್ದೆ ಕಣ್ರೀ. ಪೂರ್ತಿ ತಿರುಗ್ಸಿದ್ದೆ. ನಂಗೆ ಚೆನ್ನಾಗಿ ಗೆಪ್ತಿ ಐತೆ."

ಅವನು ಅವಳ ತಲೆ ಸವರಿದ. "ಗಾಬ್ರೀಲಿ ಹಂಗನ್ನಿಸ್ತದೆ. ಕೈ ಮರಗಟ್ಟಿರ್ತದೆ, ಮನಸ್ಸು ತಿರುಗ್ಸಿದೆ ಅಂತ ಅನ್ಕೊಂಡಿರ್ತದೆ. ತಿರುಗ್ಸಿದ್ರೆ ಗಾಡಿ ತಿರುಗ್ತಿರ್ಲಿಲ್ವಾ?"

ಅವಳು ಯೋಚಿಸಿದಳು. ನಾನು ಅವಳ ಕೈಕೆಳಗೇ ಇದ್ದೆ, ಹಾರ್ನು ಕೂಡ ಸತ್ತಿತ್ತು. "ಹಂಗೂ ಇರ್ಬೋದು" ಅಂದಳು.

ಅಂದಿನಿಂದ ಅವಳು ಸ್ಟೀರಿಂಗ್ ಮುಟ್ಟಲಿಲ್ಲ. ಮದುವೆಯಾಗಿ ಬೇರೆ ಊರುಗಳಲ್ಲಿದ್ದ ಅವನ ಅಕ್ಕಂದಿರು ತಿಂಗಳ ಕಾರ್ಯಕ್ಕೆ ಬಂದು ಅಂಗಳದಲ್ಲಿ ನಿಂತು, "ಅವ್ವನ್ನ ತಿಂದ್ಕೊಂಡ್ಲು, ಗಂಡ್ಬೀರಿ" ಎಂದು ಕೇಳುವ ಹಾಗೆ ಅಂದರು. ತಿಮ್ಮರಾಜ ಅವರನ್ನು ಗದರಿಸಿದ. "ಯಾರೂ ಅವಳ್ನ ಬೈಕೂಡ್ದು. ಬೇಕೂಂತ ಮಾಡಿದ್ಲಾ? ನಾನೇ ಕ್ಷಮಿಸಿದೀನಿ, ನಿಮ್ದೇನು?" ಊರೆಲ್ಲ ಅವನನ್ನು ಹೊಗಳಿತು. ತಾಯಿಯನ್ನು ಕಳಕೊಂಡೂ ಹೆಂಡತಿಯನ್ನು ಹೀಗೆ ನೋಡಿಕೊಳ್ಳುವ ಗಂಡ ಎಲ್ಲಿ ಸಿಕ್ಕಾನು ಅಂದರು. ಅವಳು ಅವನೆದುರು ಕೂರುವುದನ್ನೇ ಬಿಟ್ಟಳು, ನಿಂತೇ ಇರುತ್ತಿದ್ದಳು. ಅವನು ಕೇಳುವ ಮೊದಲೇ ನೀರು ತರುತ್ತಿದ್ದಳು.

ನನ್ನನ್ನು ಕೊಳ್ಳಲು ಕ್ಲಬ್ಬಿನ ಕೆಲವರು ಬಂದರು. ತಿಮ್ಮರಾಜ ಕೊಡಲಿಲ್ಲ. "ಅವ್ವನ್ನ ಕೊಂದ ಗಾಡಿ, ಇನ್ನೊಬ್ರಿಗೆ ಬ್ಯಾಡ" ಅಂದ. ಕೇಳಿದವರ ಕಣ್ಣಲ್ಲಿ ನೀರು ಬಂತು. ಕೊಂಡವನು ಡಬ್ಬಿ ಬಿಚ್ಚಿಸಿಬಿಟ್ಟರೆ ಎಂಬ ಹೆದರಿಕೆ ಅದು, ನನಗೆ ಗೊತ್ತು. ಕೊನೆಗೆ ಅವನು ನನ್ನನ್ನು ಹೆದ್ದಾರಿಯಾಚೆಯ ಗುಜರಿ ಅಂಗಳಕ್ಕೆ ಎಳೆಸಿದ.

ಈಗ ನಾನು ಇಲ್ಲಿದ್ದೇನೆ. ಮುರಿದ ಬಸ್ಸುಗಳು, ಟ್ರ್ಯಾಕ್ಟರುಗಳು, ಕೈಕಾಲಿಲ್ಲದ ಆಟೋಗಳು ನನ್ನ ನೆರೆಹೊರೆ. ಗ್ಯಾಸ್ ಕಟರ್‌ನವನು ಇವತ್ತು ಬೆಳಿಗ್ಗೆ ನನ್ನ ಹಿಂದಿನ ಭಾಗ ಕತ್ತರಿಸಿ ಪಕ್ಕಕ್ಕೆ ಹಾಕಿದ. ಡಬ್ಬಿ ಇನ್ನೂ ಮುಚ್ಚಿಯೇ ಇದೆ, ಇಡಿಯಾಗಿ ಕರಗಿಸುತ್ತಾರಂತೆ. ಲೋಹಕ್ಕೆ ಸಾಯುವ ಭಯವಿಲ್ಲ. ಕರಗಿ ಏನಾದರೊಂದು ಆಗುತ್ತೇವೆ. ಸರಳೋ, ಗೇಟೋ, ತಕ್ಕಡಿಯಲ್ಲಿ ಇಡುವ ತೂಕದ ಬಟ್ಟೋ. ಸುಳ್ಳು ಹೇಳದ ಬಟ್ಟಾದರೆ ಸಾಕು ಅಂತ ಅಂದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಅವರಿಬ್ಬರೂ ಬಂದರು. ಕೊನೆಯದಾಗಿ ಒಂದು ಸಲ ನೋಡಬೇಕು ಎಂದು ಅವಳು ಕೇಳಿಕೊಂಡಳಂತೆ. ಅವನು ಇಲ್ಲ ಅನ್ನಲಿಲ್ಲ, ಕರೆದುಕೊಂಡು ಬಂದ. ವನಜಾಕ್ಷಿ ಬಹಳ ಸೊರಗಿದ್ದಳು. ನಿಲ್ಲಲಾರದೆ, ಕತ್ತರಿಸಿ ಬಿದ್ದಿದ್ದ ಆ ಡಬ್ಬಿಯ ಮೇಲೆಯೇ ಕೂತು ನನ್ನ ಬಾನೆಟ್ ಮುಟ್ಟಿದಳು.

"ನಿಂದೇನೂ ತಪ್ಪಿಲ್ಲ" ಎಂದು ನನಗೆ ಹೇಳಿದಳು. "ಅತ್ತೆ ತಿರುಗ್ಸು ತಿರುಗ್ಸು ಅಂತ ಬಾಯ್ ಬಡ್ಕೊಂಡ್ರು. ನಾನೇ ತಿರುಗಿಸ್ಲಿಲ್ಲ."

ಅಪ್ಪನಿಂದ ಕಲಿತ, ಬಂಡೆ ಹತ್ತಿಸಿದ, ಊರ ಬಸುರಿಯರನ್ನು ಆಸ್ಪತ್ರೆ ಮುಟ್ಟಿಸಿದ ಕೈ ಅದು. ಅದರ ನೆನಪನ್ನೂ ಅವಳಿಂದ ಕಿತ್ತುಕೊಂಡಿದ್ದರು.

ತಿಮ್ಮರಾಜ ಅವಳು ಕೂತ ಡಬ್ಬಿಯನ್ನು ನೋಡಿದ. ಗ್ಯಾಸ್ ಕಟರ್‌ನವನು ಊಟಕ್ಕೆ ಹೋಗಿದ್ದ, ಸುತ್ತ ಯಾರೂ ಇರಲಿಲ್ಲ. ಒಂದು ಮಾತು ಸಾಕಾಗಿತ್ತು. ಅವನು, "ಆಗಿದ್ದಾಯ್ತು, ಎದ್ದೇಳು. ನಾನು ಯಾವತ್ತಾದ್ರೂ ನಿಂಗೆ ಒಂದ್ ಮಾತು ಅಂದಿದೀನಾ?" ಅಂದ.

"ಇಲ್ಲ" ಅಂದಳು ಅವಳು. "ಅಂದಿದ್ರೇ ಚೆನ್ನಾಗಿತ್ತು. ನಿಮ್ಮಂಥೋರ ತಾಯೀನ ಕೊಂದ್ಬಿಟ್ನಲ್ಲ."

ಅವಳು ಡಬ್ಬಿಯ ಮೇಲಿಂದ ಇಳಿದು, ಎಣ್ಣೆ ಮೆತ್ತಿದ ಮಣ್ಣಿನಲ್ಲಿ ಮಂಡಿಯೂರಿ, ಅವನ ಎರಡೂ ಪಾದ ಹಿಡಿದು ಹಣೆ ಇಟ್ಟಳು.

ಅವನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.